ಅತ್ತೆಯಿಂದ ಬೆಕ್ಕಿಗೆ ಬಂದ ಹುಲಿ ಜ್ವರ

ಮದುವೆಯಲ್ಲಿ ನನ್ನ ಅವ್ವ ನನಗೆ ಬೆಳ್ಳಿ ಕೊಡಲಿಲ್ಲ, ಬೆಕ್ಕು ಕೊಟ್ಟಳು.

ಅದಕ್ಕೆ ಕಾರಣ ನನ್ನ ಅತ್ತೆಯೇ. ಹೆಣ್ಣು ನೋಡಲು ಬಂದವರು ಹೆಣ್ಣನ್ನು ನೋಡಿದ್ದು ಅಷ್ಟಕ್ಕಷ್ಟೆ. ಎಲೆಯ ಮುಂದೆ ಕೂತು, ಮುದ್ದೆ ಮುಗಿಯುವ ತನಕ ತಮ್ಮ ಮನೆಯ ಇಲಿಗಳ ಸುದ್ದಿಯನ್ನೇ ಹೇಳಿದರು. ವಾಡೆಯಲ್ಲಿ, ಅಂದರೆ ಮಣ್ಣಿನ ಕಣಜದಲ್ಲಿ ಇಟ್ಟ ರಾಗಿಗೆ ಇಲಿ, ಉಣ್ಣೆಯ ಮೂಟೆಗೆ ಇಲಿ, ಕೊನೆಗೆ ದೇವರ ದೀಪದ ಬತ್ತಿಗೂ ಇಲಿ. ಅವ್ವ ಎಲ್ಲವನ್ನೂ ಕೇಳಿಸಿಕೊಂಡಳು. ನಾನು ಗಂಡನ ಮನೆಗೆ ಹೊರಟ ದಿನ ಮುಚ್ಚಳ ಬಿಗಿದ ಒಂದು ಬುಟ್ಟಿಯನ್ನು ನನ್ನ ತೊಡೆಯ ಮೇಲಿಟ್ಟು, "ಇದೊಂದಿದ್ರೆ ನಿಮ್ಮತ್ತ ನಿನ್ಮೇಲೆ ಬಾಯಿ ಮಾಡಲ್ಲ, ಪೋ ತಲ್ಲಿ, ಹೋಗಿ ಬಾ" ಅಂದಳು. ನನ್ನ ಅವ್ವ ಬುದ್ಧಿವಂತೆ. ಆದರೆ ನನ್ನ ಅತ್ತೆಯನ್ನು ಅವಳು ನೋಡಿದ್ದು ಒಂದೇ ಊಟದ ಹೊತ್ತು.

ನಮ್ಮ ತವರು ಪಾವಗಡ ತಾಲ್ಲೂಕಿನ ತಿರುಮಣಿ ಹತ್ತಿರದ ಹಳ್ಳಿ. ಗಂಡನ ಊರು ಕೊರಟಗೆರೆ ತಾಲ್ಲೂಕಿನ ಕೊಳಾಲದ ಕಡೆ. ನಡುವೆ ಮಧುಗಿರಿಯಲ್ಲಿ ಬಸ್ಸು ಬದಲಾಯಿಸಬೇಕು. ಬಸ್ಸಿನವನು ಬುಟ್ಟಿಯಲ್ಲಿ ಏನಿದೆ ಅಂದ. ನಾನು ಕೋಳಿ ಅಂದೆ. ಅಷ್ಟರಲ್ಲಿ ಕೋಳಿ ಮಿಯಾಂವ್ ಅಂದಿತು. ಬಸ್ಸಿಗೆ ಬಸ್ಸೇ ನಕ್ಕಿತು. ನನ್ನ ಗಂಡ ಮಾತ್ರ ಕಿಟಕಿಯ ಆಚೆ ನೋಡುತ್ತಾ ಕೂತರು, ನಾನು ಯಾರೋ ಏನೋ ಅನ್ನುವ ಹಾಗೆ. ಆಗಲೇ ನನಗೆ ಗೊತ್ತಾಯಿತು, ಈ ಮನುಷ್ಯ ಮುಂದೆ ಯಾವ ಜಗಳದಲ್ಲೂ ಯಾರ ಪರವಾಗಿಯೂ ಬಾಯಿ ಬಿಡುವುದಿಲ್ಲ ಅಂತ.

ಬೆಕ್ಕಿನ ಬಣ್ಣ ಕೆಂಚು. ಮೈ ಮೇಲೆಲ್ಲ ಕಪ್ಪಿಗೆ ತಿರುಗಿದ ಪಟ್ಟೆಗಳು. ಇಲಿ ಹಿಡಿಯುವುದರಲ್ಲಿ ಅದನ್ನು ಮೀರಿಸಿದ್ದು ಆ ಊರಿನಲ್ಲಿ ಇರಲಿಲ್ಲ. ಬಂದ ತಿಂಗಳಲ್ಲೇ ವಾಡೆಯ ರಾಗಿ ಉಳಿಯತೊಡಗಿತು. ಆದರೂ ಅತ್ತೆಗೆ ಅದು "ಪಾವಗಡದ ಬೆಕ್ಕು". ಮುಟ್ಟಿದರೆ ತಲೆಗೆ ನೀರು ಹಾಕಿಕೊಳ್ಳಬೇಕು ಅನ್ನುತ್ತಿದ್ದರು. ಬೀದಿಯವರ ಮುಂದೆ ಅದು ಕಾಲಿಗೆ ಬಂದು ಉಜ್ಜಿದರೆ, "ಅತ್ತಾಗ್ ಓಗು ಪೀಡೆ" ಎಂದು ಸೆರಗು ಕೊಡವುತ್ತಿದ್ದರು.

ಬೆಳಿಗ್ಗೆ ಎದ್ದು ಹಾಸಿಗೆ ತೆಗೆಯುವ ಕೆಲಸ ನನ್ನದು. ಅತ್ತೆಯ ಕಂಬಳಿ ನಮ್ಮದೇ ಕುರಿಗಳ ಉಣ್ಣೆಯಲ್ಲಿ ನೇಯಿಸಿದ್ದು, ಕಡುಕಪ್ಪು. ಅದನ್ನು ಹಿತ್ತಲಿಗೆ ತಂದು ಕೊಡವಿದರೆ ದಿನಾ ಒಂದು ಹಿಡಿ ಕೆಂಚು ಕೂದಲು ಹಾರುತ್ತಿತ್ತು. ನಾನು ಏನೂ ಕೇಳಲಿಲ್ಲ. ಸೊಸೆಯಾದವಳಿಗೆ ಕಂಬಳಿ ಕೊಡವುವುದು ಕೆಲಸ, ಕಂಬಳಿಯೊಳಗೆ ಯಾರು ಮಲಗಿದ್ದರು ಅನ್ನುವುದು ಅಲ್ಲ.

ಅತ್ತೆಗೆ ನನ್ನಲ್ಲಿ ಬೆಕ್ಕಿಗಿಂತ ಹೆಚ್ಚು ಕಿರಿಕಿರಿಯಾಗಿದ್ದು ನನ್ನ ನಾಲಿಗೆ. ನಮ್ಮ ಕಡೆ ತೆಲುಗು ಕನ್ನಡ ಎರಡನ್ನೂ ಒಂದೇ ಗಡಿಗೆಯಲ್ಲಿ ಹಾಕಿ ಬೇಯಿಸುತ್ತೇವೆ. ಬಂದ ಹೊಸದರಲ್ಲಿ, "ಅತ್ತಮ್ಮ, ಪಾಲು ಕಾಯಿಸಲಾ?" ಅಂದೆ. "ಪಾಲು ಯಾಕಮ್ಮಿ, ಅಣ್ತಮ್ಮಂದ್ರು ಬ್ಯಾರೆ ಆಯ್ತಾ ಅವ್ರಾ? ಇದು ಕನ್ನಡದ ಮನೆ, ನೆಟ್ಟಗೆ ಹಾಲು ಅನ್ನು" ಅಂದರು. ನಾನು ಓದಿದ್ದು ಎರಡನೇ ಕ್ಲಾಸು. ಆದರೂ ಒಂದು ಉಪಾಯ ಕಂಡುಕೊಂಡೆ. ನಮ್ಮ ಮಾತಿನಲ್ಲಿ 'ಪ' ಬಂದ ಕಡೆ 'ಹ' ಹಾಕಿದರೆ ಮುಕ್ಕಾಲು ಕನ್ನಡ ತಾನಾಗಿಯೇ ಆಗುತ್ತಿತ್ತು. ಪಾಲು ಹಾಲಾಯಿತು. ಪಾಮು ಹಾವಾಯಿತು. ಪುವ್ವು ಹೂವಾಯಿತು. ಒಂದು ಸಲ ಬೆಕ್ಕಿಗೆ ನಾವು ಅನ್ನುವ ಪಿಲ್ಲಿಯನ್ನು ಹಿಲ್ಲಿ ಅಂದುಬಿಟ್ಟು ಮನೆಯವರೆಲ್ಲ ಒಂದು ವಾರ ನಗುವ ಹಾಗಾಯಿತು. ಅದೊಂದು ಬಿಟ್ಟರೆ ಉಪಾಯ ಚೆನ್ನಾಗಿಯೇ ನಡೆದಿತ್ತು, ಫ್ಲೂ ಬರುವ ತನಕ.

ಅದು ಐವತ್ತೇಳನೇ ಇಸವಿ. ದೇಶಕ್ಕೆಲ್ಲ ಆ ಜ್ವರ ಬಂದ ವರ್ಷ. ನಮ್ಮ ಊರಿಗೆ ಅದನ್ನು ತಂದವರು ನನ್ನ ಅತ್ತೆ. ಈ ಮಾತನ್ನು ಅವರು ಬದುಕಿದ್ದಾಗ ಹೇಳುವ ಧೈರ್ಯ ನನಗಿರಲಿಲ್ಲ, ಈಗ ಬರೆಯುತ್ತಿದ್ದೇನೆ. ಅತ್ತೆಯ ತವರು ಸಿರಾ ತಾಲ್ಲೂಕಿನ ಹುಲಿಕುಂಟೆ. ಅಲ್ಲಿ ಅವರ ತಮ್ಮನ ಮನೆಯಲ್ಲಿ ಒಂದು ನಾಮಕರಣ. ಹೋಗಿ ನಾಲ್ಕು ದಿನ ಇದ್ದು, ಸೋಮವಾರ ವಾಪಸು ಬಂದರು. ಬಸ್ಸಿನಲ್ಲಿ ಎಲ್ಲರೂ ಸೀನುತ್ತಿದ್ದರು, ಒಬ್ಬನಂತೂ ತಮ್ಮ ಹೆಗಲ ಮೇಲೆಯೇ ಸೀನಿದ ಎಂದು ಬಯ್ಯುತ್ತಲೇ ಮನೆಯೊಳಗೆ ಕಾಲಿಟ್ಟರು. ಮಂಗಳವಾರ ಸಂಜೆಗೆ ಮೈ ಕೆಂಡ. ಕೈಕಾಲು ಯಾರೋ ಒನಕೆಯಲ್ಲಿ ಕುಟ್ಟಿದ ಹಾಗೆ ಅಂತ ನರಳಾಟ. ನಡುಮನೆಯ ಮೂಲೆಯಲ್ಲಿ ಕಂಬಳಿ ಹೊದ್ದು ಮಲಗಿದವರು ಏಳಲಿಲ್ಲ. ಗಂಜಿ ಕೊಟ್ಟರೆ ಅರ್ಧ ಕುಡಿದು, ಉಳಿದದ್ದನ್ನು ನಾನು ಬೆನ್ನು ತಿರುಗಿಸಿದಾಗ ಬಟ್ಟಲಿನ ಸಮೇತ ಕಂಬಳಿಯ ಒಳಕ್ಕೆ ಎಳೆದುಕೊಳ್ಳುತ್ತಿದ್ದರು. ಬಟ್ಟಲು ನೆಕ್ಕಿದ ಹಾಗೆ ಚೊಕ್ಕಟವಾಗಿ ಹೊರಗೆ ಬರುತ್ತಿತ್ತು.

ಶುಕ್ರವಾರ ಬೆಕ್ಕು ಸೀನಿತು.

ಬೆಕ್ಕು ಸೀನುವುದು ನಾನು ಮುಂಚೆಯೂ ನೋಡಿದ್ದೆ, ಮೆಣಸಿನಕಾಯಿ ಹುರಿದಾಗ. ಇದು ಬೇರೆ. ಒಂದರ ಹಿಂದೆ ಒಂದು, ತಲೆ ನೆಲಕ್ಕೆ ಬಡಿಯುವ ಹಾಗೆ ಸೀನು. ಮೂಗಿನಿಂದ ಸಿಂಬಳ. ಕಣ್ಣಿಗೆ ಪಿಸುರು ಮೆತ್ತಿ ಒಂದು ಕಣ್ಣು ಮುಚ್ಚೇ ಹೋಗಿತ್ತು. ಕಿವಿ ಮುಟ್ಟಿದರೆ ಬಿಸಿ. ಹಾಲಿಟ್ಟರೆ ಮೂಸಿ ಸುಮ್ಮನಾಯಿತು. ಮಧ್ಯಾಹ್ನ ಒಂದು ಇಲಿ ವಾಡೆಯ ಸಂದಿಯಿಂದ ಬಂದು, ಅದರ ಬಾಲದ ಪಕ್ಕದಲ್ಲೇ ಹಾದು, ನಿಂತು ಒಮ್ಮೆ ತಿರುಗಿ ನೋಡಿ, ತನಗೇ ನಂಬಿಕೆ ಬರದವರ ಹಾಗೆ ನಿಧಾನವಾಗಿ ಹೋಯಿತು.

ಅದೇ ದಿನ, ಸಿಡುಬಿಗೆ ದಾಕು ಹಾಕುವ ಸರ್ಕಾರದ ಮನುಷ್ಯ ಸೈಕಲ್ಲಿನಲ್ಲಿ ಬಂದು ಅರಳಿಕಟ್ಟೆಯ ಹತ್ತಿರ ನಿಂತ. ಊರಲ್ಲಿ ಆಗಲೇ ಏಳೆಂಟು ಮನೆಗೆ ಜ್ವರ. ಏನು ಹೇಳುತ್ತಾನೆ ಕೇಳಿಕೊಂಡು ಬಾ ಎಂದು ಅತ್ತೆ ನನ್ನನ್ನು ಕಳಿಸಿದರು. ನಾನು ತಲೆಯ ಮೇಲೊಂದು ಕಂಕುಳಲ್ಲೊಂದು ಕೊಡ ಹೊತ್ತುಕೊಂಡು ಹಿಂದಿನ ಸಾಲಿನಲ್ಲಿ ನಿಂತೆ. ಅವನು, ಒಬ್ಬರ ಲೋಟದಲ್ಲಿ ಒಬ್ಬರು ಕುಡಿಯಬೇಡಿ, ಜ್ವರ ಬಂದವರ ಹಾಸಿಗೆಯಲ್ಲಿ ಇನ್ನೊಬ್ಬರು ಮಲಗಬೇಡಿ, ಸೀನುವಾಗ ಬಾಯಿಗೆ ಬಟ್ಟೆ ಹಿಡಿಯಿರಿ, ಬಿಸಿನೀರು ಕುಡಿಯಿರಿ ಅಂದ. ಜ್ವರದ ಹೆಸರನ್ನೂ ಹೇಳಿದ. ಮುಂದಿದ್ದವರು ಅದನ್ನು "ಪುಲೂ ಅಂತೆ, ಪುಲೂ ಅಂತೆ" ಎಂದು ಹಿಂದಕ್ಕೆ ದಾಟಿಸಿದರು. ಹಿಂದಿನ ಸಾಲಿಗೆ ಬರುವಷ್ಟರಲ್ಲಿ ನನ್ನ ಕಿವಿಗೆ ಅದು 'ಪುಲಿ' ಆಗಿ ಬಿದ್ದಿತು.

ಪುಲಿ ಅಂದರೆ ನಮ್ಮ ಕಡೆ ಹುಲಿ. ಇವರ ಮನೆಯಲ್ಲಿ ತೆಲುಗು ಆಡುವ ಹಾಗಿಲ್ಲ. ದಾರಿಯಲ್ಲೇ 'ಪ' ತೆಗೆದು 'ಹ' ಹಾಕಿಕೊಂಡು ಮನೆಗೆ ಬಂದೆ.

"ಅತ್ತಮ್ಮ, ಇದು ಹುಲಿ ಜ್ವರವಂತೆ."

ಮೂರು ದಿನದಿಂದ ಏಳದಿದ್ದವರು ಎದ್ದು ಕೂತರು.

"ಏನಂದೆ? ಹುಲಿ ಜ್ವರಾನಾ? ನಿನ್ ಬಾಯ್ಗೆ ಮಣ್ಣಾಕ! ನಾನು ಹುಲಿಕುಂಟೆಯಿಂದ ಬಂದೆ ಅಂತ ನಮ್ಮಪ್ಪನ ಊರಿನ ಎಸ್ರ ಜ್ವರಕ್ಕೆ ಇಕ್ಕಿದ್ಯೇನೆ?"

ನಾನು ಇಕ್ಕಲಿಲ್ಲ, ಸರ್ಕಾರ ಇಕ್ಕಿದೆ ಅಂದೆ. ನನ್ನ ಗಂಡ ಬಾಗಿಲಲ್ಲಿ ನಿಂತಿದ್ದರು. ಅಪರೂಪಕ್ಕೆ ಬಾಯಿ ತೆರೆದರು. ತೆರೆಯದಿದ್ದರೆ ಚೆನ್ನಾಗಿತ್ತು.

"ಊರಿನ ಹುಲಿ ಅಲ್ಲ ಕಣವ್ವ, ಕಾಡಿನ ಹುಲಿ ಇರ್ಬೇಕು."

"ಕಾಡಿನ ಹುಲಿ ನನ್ ಹಾಸ್ಗೆತಾವ ಯಾವಾಗ್ಲಾ ಬಂದಿತ್ತು?"

ಆ ಹೊತ್ತಿಗೆ ಸರಿಯಾಗಿ ಮೂಲೆಯಲ್ಲಿ ಬೆಕ್ಕು ಸೀನಿತು. ಅತ್ತೆ ಅದನ್ನು ನೋಡಿದರು. ನನ್ನನ್ನು ನೋಡಿದರು. ಮತ್ತೆ ಬೆಕ್ಕನ್ನು ನೋಡಿದರು.

"ಅಗೋ! ನೋಡ್ಲಾ ಮಗ, ಪಟ್ಟೆ ನೋಡು. ಮೀಸೆ ನೋಡು. ಇನ್ನೇನ್ ಬೇಕು ನಿಂಗೆ? ಹುಲಿ ಕುಲದ್ದೇ ತಾನೆ ಅದು? ಮೂಲೇಲಿ ಕುಂತ್ಕಂಡು ಮನೆಗೆಲ್ಲ ಜ್ವರ ಸೀನ್ತಾ ಐತೆ!"

ಅಲ್ಲಿಗೆ ತೀರ್ಪಾಯಿತು. ಸರ್ಕಾರದವನು ಹೇಳಿದ ಲೋಟ, ಹಾಸಿಗೆ, ಬಟ್ಟೆ ಯಾವುದೂ ಯಾರಿಗೂ ಬೇಕಾಗಲಿಲ್ಲ. ಹೆಸರು ಬೇಕಾಗಿತ್ತು, ಹೆಸರು ಸಿಕ್ಕಿತು. ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಯಿತು: ಇದು ಹುಲಿ ಜ್ವರ, ಬೆಕ್ಕಿನಿಂದ ಬರುವಂಥದ್ದು, ಬೆಕ್ಕು ಪಾವಗಡದಿಂದ ಬಂದದ್ದು, ಬುಟ್ಟಿಯಲ್ಲಿಟ್ಟು ತಂದವಳು ಈ ಮನೆಯ ಸೊಸೆ.

ಅದು ಫ್ಲೂ, ಹುಲಿಯಲ್ಲ ಅನ್ನುವುದು ನನಗೆ ಮಾರನೆಯ ದಿನ ಬಾವಿಯ ಹತ್ತಿರ ಗೊತ್ತಾಯಿತು. ಹೋಗಿ ಹೇಳಿದೆ. "ಈಗ ಸಿಗಾಕ್ಕಂಡ್ ಮ್ಯಾಕೆ ಮಾತು ತಿರುಗಿಸ್ತೀಯಾ?" ಅಂದರು ಅತ್ತೆ.

ಬೆಕ್ಕನ್ನು ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ ಎಂದಾಯಿತು. ಕೊರಟಗೆರೆಯಲ್ಲಿ ಬಿಟ್ಟರೆ ವಾಪಸು ಬರುತ್ತದೆ, ಮಧುಗಿರಿಯಲ್ಲಿ ಬಿಟ್ಟರೆ ಬರುವುದಿಲ್ಲ ಎಂದು ನನ್ನ ಗಂಡ ದಾರಿ ಅಳೆದು ಹೇಳಿದರು. ಬರುವ ಮಂಗಳವಾರ ಅವರು ಉಣ್ಣೆ ಹೇರಿಕೊಂಡು ಮಧುಗಿರಿಗೆ ಗಾಡಿ ಹೊಡೆಯುವವರಿದ್ದರು. ಆ ಮೂಟೆಗಳ ಜೊತೆಗೆ ಬೆಕ್ಕಿಗೂ ಒಂದು ಗೋಣಿಚೀಲ ಎತ್ತಿಟ್ಟರು.

ನನಗೆ ಬೆಕ್ಕಿನ ಮೇಲೆ ಮುದ್ದು ಉಕ್ಕಿ ಹರಿಯುತ್ತಿತ್ತು ಅಂತ ಯಾರೂ ತಿಳಿಯಬಾರದು. ಆ ಮನೆಯಲ್ಲಿ ಒಂದು ಮಾತು ಒಬ್ಬರಿಗೆ ಅಂಟಿದರೆ ಸಾಯುವ ತನಕ ಬಿಡುತ್ತಿರಲಿಲ್ಲ. ನನ್ನ ಗಂಡನ ದೊಡ್ಡಮ್ಮ ಒಬ್ಬರು ಮದುವೆಯಾಗಿ ಬಂದ ದಿನ ಕೈ ಜಾರಿ ಉಪ್ಪು ಚೆಲ್ಲಿದ್ದರಂತೆ. ನಾನು ಬಂದಾಗ ಅವರ ಬಾಯಲ್ಲಿ ಹಲ್ಲಿರಲಿಲ್ಲ, ಆದರೂ ಅವರು 'ಉಪ್ಪು ಚೆಲ್ದೋಳು'. ಬೆಕ್ಕು ಚೀಲದಲ್ಲಿ ಮಧುಗಿರಿಗೆ ಹೋಯಿತೆಂದರೆ, ತಪ್ಪು ರುಜುವಾದ ಹಾಗೆ. ಆಮೇಲೆ ನಾನು ಜೀವಮಾನವೆಲ್ಲ 'ಜ್ವರ ತಂದೋಳು'. ಬೆಕ್ಕು ಉಳಿದರೆ ನಾನು ಉಳಿದೆ. ಇಲ್ಲದಿದ್ದರೆ ಇಲ್ಲ. ಅದರ ಮೇಲೆ ವಾಡೆಯ ರಾಗಿ ಬೇರೆ.

ಸತ್ಯ ಏನು ಅನ್ನುವುದು ನನಗೆ ಗೊತ್ತಿತ್ತು. ಎರಡನೇ ಕ್ಲಾಸಿನಲ್ಲಿ ಬೇರೇನೂ ಕಲಿಸದಿದ್ದರೂ, ಮಂಗಳವಾರ ಶುಕ್ರವಾರಕ್ಕಿಂತ ಮುಂಚೆ ಬರುತ್ತದೆ ಅನ್ನುವಷ್ಟು ಕಲಿಸಿದ್ದರು. ಅತ್ತೆಗೆ ಜ್ವರ ಮಂಗಳವಾರ, ಬೆಕ್ಕಿಗೆ ಶುಕ್ರವಾರ. ಬೆಕ್ಕು ಹುಲಿಕುಂಟೆಗೂ ಹೋಗಿರಲಿಲ್ಲ, ಆ ಸೀನುವ ಬಸ್ಸನ್ನೂ ಹತ್ತಿರಲಿಲ್ಲ. ಅದು ಹೋಗಿದ್ದು ಒಂದೇ ಕಡೆ, ಅತ್ತೆಯ ಕಂಬಳಿಯೊಳಕ್ಕೆ. ಮನುಷ್ಯರ ಫ್ಲೂ ಸಾಕಿದ ಬೆಕ್ಕಿಗೆ ಅಂಟಬಹುದು ಎಂದು ಈಗ ದನದ ಡಾಕ್ಟರುಗಳೂ ಹೇಳುತ್ತಾರಂತೆ. ಆಗ ನನಗೆ ಹೇಳುವವರು ಯಾರೂ ಇರಲಿಲ್ಲ, ಕಂಬಳಿಯ ಕೂದಲು ಹೇಳಿತ್ತು. ಆದರೆ ಸೊಸೆ ಅತ್ತೆಯ ಮುಂದೆ ನಿಂತು, "ನಿಮ್ಮಿಂದಲೇ ಬೆಕ್ಕಿಗೆ ಬಂತು" ಅನ್ನುವುದು ಹೇಗೆ? ಅಂದಿದ್ದರೆ ಗೋಣಿಚೀಲದಲ್ಲಿ ಬೆಕ್ಕಿನ ಜೊತೆ ನನಗೂ ಜಾಗ ಮಾಡುತ್ತಿದ್ದರು.

ಒಂದೆರಡು ಸಲ ಸುತ್ತಿ ಬಳಸಿ ನೋಡಿದೆ. "ಬೆಕ್ಕಿಗೆ ಚಳಿ ಆದ್ರೆ ಎಲ್ಲಿ ಮಲಗುತ್ತೋ ಏನೋ" ಅಂದೆ. "ಒಲೆ ಬೂದೀಲಿ ಬಿದ್ಕಂತದೆ" ಅಂದರು. ಅಷ್ಟು ಹೇಳುವಾಗ ಅವರ ಕಂಬಳಿಯ ಕೆಳಗಡೆಯಿಂದ ಒಂದು ಸೀನು ಕೇಳಿಸಿತು. ಅತ್ತೆ ತಾವೇ ಸೀನಿದವರ ಹಾಗೆ ಮೂಗು ಒರೆಸಿಕೊಂಡರು.

ಮಂಗಳವಾರ ಬೆಳಿಗ್ಗೆ ಗಾಡಿ ಹೂಡಿ ನಿಲ್ಲಿಸಿದ್ದಾಯಿತು. ನನ್ನ ಗಂಡ ಬೆಕ್ಕನ್ನು ಹಿಡಿದು ಚೀಲದೊಳಕ್ಕೆ ಬಿಟ್ಟು ಬಾಯಿಗೆ ಹುರಿ ಸುತ್ತುತ್ತಿದ್ದರು. ಬೆಕ್ಕಿಗೆ ಪರಚುವ ಶಕ್ತಿಯೂ ಇರಲಿಲ್ಲ. ಆಗ ಸಿರಾದ ಬಳೆಗಾರ್ತಿ ತನ್ನ ಬಳೆಯ ಮಲಾರ ಹೊತ್ತು ಅಂಗಳಕ್ಕೆ ಬಂದಳು. ಗೌರಿ ಹಬ್ಬ ಹತ್ತಿರವಾಗಿತ್ತು, ವರ್ಷ ವರ್ಷ ಆ ಹೊತ್ತಿಗೆ ಬರುವವಳು. ಊರವರೆಲ್ಲ ಅವಳನ್ನು ಬೂಬಮ್ಮ ಅನ್ನುತ್ತಿದ್ದರು. ಅತ್ತೆಗಿಂತ ನಾಲ್ಕು ವರ್ಷ ದೊಡ್ಡವಳು. ಅತ್ತೆಯ ಮದುವೆಯ ಬಳೆ ತೊಡಿಸಿದವಳು ಅವಳೇ ಆದ್ದರಿಂದ, ಅತ್ತೆಗೆ ಎದುರು ಮಾತಾಡುವ ಹಕ್ಕು ಆ ಊರಿನಲ್ಲಿ ಅವಳೊಬ್ಬಳಿಗೆ ಇತ್ತು.

ಚೀಲ ಸೀನಿತು.

"ಅರೆ! ಚೀಲಕ್ಕೂ ಜುಕಾಮಾ?" ಎಂದಳು ಬೂಬಮ್ಮ.

"ಬೆಕ್ಕು ಕಣೆ ಬೂಬಮ್ಮ" ಎಂದರು ಅತ್ತೆ ಜಗಲಿಯಿಂದ. ಒಂದು ವಾರಕ್ಕೆ ಅವರು ಸ್ವಲ್ಪ ಚೇತರಿಸಿಕೊಂಡು, ಚೀಲ ಹೊರಡುವುದನ್ನು ಕಣ್ಣಾರೆ ನೋಡಲು ಕಂಬಳಿ ಹೊದ್ದು ಹೊರಗೆ ಬಂದು ಕೂತಿದ್ದರು. "ಮನೆಗೆಲ್ಲ ಜ್ವರ ಅಂಟಿಸ್ಬುಟ್ಟೈತೆ ಮುಂಡೇದು. ಅದ್ಕೇ ಮದಗಿರಿಗೆ ಸಾಗಾಕ್ತಾ ಇವ್ನಿ."

ಬೂಬಮ್ಮ ಮಲಾರ ಇಳಿಸಿ, ಸೊಂಟಕ್ಕೆ ಕೈಯಿಟ್ಟು ನಕ್ಕಳು. "ಬಿಲ್ಲಿ ಜ್ವರ ಅಂಟಿಸ್ತಾ? ತೋಬಾ ತೋಬಾ! ನಮ್ಮನೇಲೂ ಇದೇ ತಮಾಶೆ ಆಯ್ತಮ್ಮ. ಮೊದ್ಲು ನಮ್ ಯಜಮಾನ್ರಿಗೆ ಬುಖಾರ್. ಆ ಮನುಷ್ಯನ್ ಹೊಟ್ಟೆ ಮೇಲೆ ಮಲ್ಗೋದು ಬಿಲ್ಲಿ. ಮೂರ್ ದಿನಕ್ಕೆ ಬಿಲ್ಲೀಗೆ ಜುಕಾಮ್. ಇವ್ರು ಬಿಲ್ಲೀನ ಬಯ್ಯೋದು! ನಾನಂದೆ, ಅದು ಬಜಾರ್‌ಗೆ ಹೋಯ್ತಾ, ಚಾ ಅಂಗ್ಡೀಲಿ ಕೂತಿತ್ತಾ? ನೀವು ತಂದಿದ್ದು, ನೀವೇ ಅದಕ್ಕೆ ಕೊಟ್ಟಿದ್ದು. ಈಗ ನೀವೇ ಅದ್ರ ಮೂಗು ಒರೆಸಿ, ಅಂತ."

"ಒರ್ಸಿದ್ರಾ?" ಎಂದು ನಾನು ಕೇಳಿದೆ. ಕೇಳಬಾರದಿತ್ತು, ತಡೆಯಲಿಲ್ಲ.

"ಒರ್ಸದೆ ಏನ್ ಮಾಡ್ತಾರೆ? ಅದು ಅವ್ರ್ ಶರ್ಟಿಗೇ ಒರ್ಸ್ಕೊಳ್ತಿತ್ತು." ಆಮೇಲೆ ಅತ್ತೆಯ ಕಡೆ ತಿರುಗಿ ಕೇಳಿದಳು: "ನಿಮ್ ಬಿಲ್ಲಿ ಯಾರತ್ರ ಮಲಗುತ್ತೆ?"

ಬಳೆ ನೋಡಲು ಬಂದಿದ್ದ ಪಕ್ಕದ ಮನೆಯಾಕೆ ನನ್ನ ಮುಖ ನೋಡಿದಳು. ನಾನು ಎತ್ತಿನ ಮುಖ ನೋಡಿದೆ.

"ನಂಗೇನ್ ಗೊತ್ತು? ಯಾವ ಮೂಲೇಲಿ ಬಿದ್ದಿರ್ತದೋ" ಎಂದರು ಅತ್ತೆ.

ಬೂಬಮ್ಮ ಬಗ್ಗಿ ನನ್ನ ಗಂಡನ ಕೈಯಿಂದ ಚೀಲ ಕಿತ್ತುಕೊಂಡು, ಹುರಿ ಬಿಚ್ಚಿ ನೆಲಕ್ಕೆ ಕೊಡವಿದಳು. ಬೆಕ್ಕು ಹೊರಗೆ ಬಿತ್ತು. ತಲೆ ಕೊಡವಿ ಸೀನಿತು. ಒಂದೇ ಕಣ್ಣಿನಲ್ಲಿ ಎಲ್ಲರನ್ನೂ ನೋಡಿ, ತೂರಾಡುತ್ತಾ ಜಗಲಿಯ ಮೆಟ್ಟಿಲು ಹತ್ತಿ, ಅತ್ತೆಯ ಕಂಬಳಿಯ ಅಂಚನ್ನು ಮೂಗಿನಿಂದ ಎತ್ತಿ, ಬಾಡಿಗೆ ಕೊಟ್ಟು ಹಿಡಿದ ಮನೆಯೊಳಗೆ ಹೋಗುವವರ ಹಾಗೆ ನಿರಾಳವಾಗಿ ಒಳಕ್ಕೆ ಹೋಯಿತು. ಕಂಬಳಿಯೊಳಗೆ ಎರಡು ಸುತ್ತು ಸುತ್ತಿತು. ಮಲಗಿತು.

ಸಾಕ್ಷಿ ಇಷ್ಟು ಚೆನ್ನಾಗಿ ನುಡಿದದ್ದನ್ನು ನಾನು ಆಮೇಲೆ ಮಧುಗಿರಿ ಕೋರ್ಟಿನಲ್ಲೂ ಕಾಣಲಿಲ್ಲ.

ನಾನು ಗೆದ್ದೆ ಅಂದುಕೊಂಡೆ. ನನಗೆ ಅತ್ತೆ ಇನ್ನೂ ಅರ್ಥವಾಗಿರಲಿಲ್ಲ. ಅವರು ನಾಚಿಕೊಂಡದ್ದು ಬಹಳ ಅಂದರೆ ಒಂದು ಎಲೆ ಅಡಿಕೆ ಮಡಿಸುವಷ್ಟು ಹೊತ್ತು. ಆಮೇಲೆ ಗಂಟಲು ಸರಿಮಾಡಿಕೊಂಡು ಹೇಳಿದರು:

"ಔದು ಕಣೆ ಬೂಬಮ್ಮ. ನಾನೇ ಕೊಟ್ಟೆ. ಬೇಕು ಅಂತ್ಲೇ ಕೊಟ್ಟೆ. ನನ್ ಜ್ವರಾನ ಅದ್ಕೆ ದಾಟಿಸ್ದೆ, ಅದ್ಕೇ ನಾನು ಒಂದೇ ವಾರಕ್ಕೆ ಎದ್ ಕುಂತಿವ್ನಿ. ಇಲ್ದಿದ್ರೆ ಈಟೊತ್ತಿಗೆ ನನ್ನ ಮಣ್ಣು ಮಾಡಿರೋರು."

ಪಕ್ಕದ ಮನೆಯಾಕೆಯ ಕಣ್ಣು ಅಗಲವಾಯಿತು. "ಬೆಕ್ಕು ಜ್ವರ ಎಳ್ಕಂತದಾ ಅತ್ಗೆಮ್ಮ?"

"ಎಳ್ಕಳ್ದೆ? ಹುಲಿ ಕುಲದ್ದು ತಾನೆ. ಹುಲಿ ಜ್ವರ ಹುಲೀಗೇ ಓಯ್ತದೆ."

ನನ್ನ ಗಂಡ ಖಾಲಿ ಚೀಲ ಮಡಿಸಿ ಗಾಡಿಯಲ್ಲಿಟ್ಟು, ಉಣ್ಣೆ ಮಾತ್ರ ಹೇರಿಕೊಂಡು ಹೋದರು. ಬೂಬಮ್ಮ ನನ್ನ ಕೈಗೆ ಹಸಿರು ಬಳೆ ಏರಿಸುತ್ತಾ ಮೆಲ್ಲಗೆ, "ನಿನ್ ಬಿಲ್ಲಿ ಉಳೀತು ಬೇಟಿ, ಆದ್ರೆ ಈಗ ಜಾಸ್ತಿ ಹುಷಾರು" ಅಂದಳು. ಅವಳು ಯಾಕೆ ಹಾಗಂದಳು ಅನ್ನುವುದು ಮಾರನೆಯ ದಿನವೇ ತಿಳಿಯಿತು.

ಪಕ್ಕದ ಮನೆಯಾಕೆ ಒಂದು ಬುಟ್ಟಿ ಹಿಡಿದುಕೊಂಡು ಬಂದಳು. ಸಾಲಕ್ಕೆ ಬೀಸೋಕಲ್ಲಿನ ಗೂಟ ಕೇಳುವವರ ಹಾಗೆ ಕೇಳಿದಳು: "ಅತ್ಗೆಮ್ಮ, ನಿಮ್ ಬೆಕ್ನ ಒಂದಿನ ಕೊಡ್ರಿ. ನಮ್ಮೆಜಮಾನ್ರಿಗೆ ಮೈ ಸುಡ್ತಾ ಐತೆ."

ಅತ್ತೆ ಹೆಮ್ಮೆಯಿಂದ ಕೊಟ್ಟರು. ಹೊಟ್ಟೆಯ ಮೇಲೆ ಮಲಗಿಸಬೇಕು, ಗಂಜಿಯನ್ನು ಒಂದೇ ಬಟ್ಟಲಲ್ಲಿ ಕುಡಿಸಬೇಕು ಎಂದು ವಿಧಾನವನ್ನೂ ಹೇಳಿಕೊಟ್ಟರು. ಸರ್ಕಾರದವನು ಯಾವುದನ್ನು ಮಾಡಬೇಡಿ ಅಂದಿದ್ದನೋ ಅದನ್ನೇ ಒಂದೊಂದಾಗಿ. ಬೆಕ್ಕು ಸಂಜೆ ವಾಪಸು ಬಂತು, ಹೋದದ್ದಕ್ಕಿಂತ ಅರ್ಧ ಆಗಿ. ಉಸಿರಾಡಲು ಬಾಯಿ ತೆರೆಯುತ್ತಿತ್ತು. ಬೆಕ್ಕು ಬಾಯಲ್ಲಿ ಉಸಿರಾಡುವುದನ್ನು ನಾನು ಅಲ್ಲಿಯ ತನಕ ನೋಡಿರಲಿಲ್ಲ, ಮತ್ತೆ ನೋಡಲು ಇಷ್ಟವೂ ಇಲ್ಲ. ಬೆರಳಲ್ಲಿ ಅದ್ದಿ ನಾಲ್ಕು ಹನಿ ಹಾಲು ನೆಕ್ಕಿಸಿದೆ. ಮೂಗಿಗೆ ಬಿಸಿನೀರಿನ ಬಟ್ಟೆ ಒತ್ತಿದೆ. ಪಕ್ಕದ ಮನೆಯ ಯಜಮಾನ ಮೂರನೇ ದಿನಕ್ಕೆ ಎದ್ದ, ಎಲ್ಲರೂ ಏಳುವ ಹಾಗೆ. ಊರೆಲ್ಲ ಬೆಕ್ಕಿನ ಮಹಿಮೆ ಹೊಗಳಿತು. ಇನ್ನೂ ಮೂರು ಮನೆಯವರು ಕೇಳಿ ಹೋದರು.

ಸುಳ್ಳು ಮಾತು ಹಬ್ಬಿದಾಗ ಬೆಕ್ಕನ್ನು ಮನೆಯಿಂದ ಓಡಿಸುತ್ತಿದ್ದರು. ನಿಜ ಮಾತು ಹಬ್ಬಿದ ಮೇಲೆ ಅದನ್ನು ಕೊಲ್ಲಲು ಹೊರಟರು. ಜನರಿಂದ ಬೆಕ್ಕಿಗೆ ಜ್ವರ ಅಂಟುತ್ತದೆ ಅನ್ನುವುದನ್ನು ಊರಿಗೇ ಒಪ್ಪಿಸಿಯಾಗಿತ್ತು. ಒಪ್ಪಿದವರು, ಹಾಗಾದರೆ ಬೆಕ್ಕನ್ನು ದೂರ ಇಡೋಣ ಅನ್ನಲಿಲ್ಲ. ಹಾಗಾದರೆ ಕೊಡಿ, ನಮ್ಮದನ್ನೂ ಅಂಟಿಸುತ್ತೇವೆ ಅಂದರು.

ಅಷ್ಟರಲ್ಲಿ ನಾನೇ ಮಲಗಿದೆ. ಜ್ವರ ಏರಿದ್ದು ಗೊತ್ತಾಗುವ ಮೊದಲೇ ಅತ್ತೆ ಬೆಕ್ಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನನ್ನ ಹಾಸಿಗೆಯ ಹತ್ತಿರ ಬಂದರು. ಆ ಮನೆಗೆ ಬಂದ ಮೇಲೆ ನನಗೆ ಅವರು ಮಾಡಿದ ಮೊದಲನೇ ಉಪಚಾರ ಅದು.

"ತಗೋ ಅಮ್ಮಣ್ಣಿ, ಎದೆ ಮ್ಯಾಲೆ ಮಡಿಕ್ಕೊ. ನಿಂದೂ ಎಳ್ಕಳ್ಳಿ."

ನಾನು ಬೆಕ್ಕನ್ನು ಪಕ್ಕಕ್ಕೆ ತಳ್ಳಿದೆ. "ಬ್ಯಾಡ ಅತ್ತಮ್ಮ. ಅದರಲ್ಲಿ ಇನ್ನು ಜಾಗ ಇಲ್ಲ. ಇನ್ನೊಂದು ಜ್ವರ ಹಾಕಿದ್ರೆ ಸಾಯುತ್ತೆ."

"ಬೆಕ್ಕು ಸಾಯ್ತದಾ ಸೊಸೆ ಸಾಯ್ತಾಳಾ?"

"ಯಾರೂ ಸಾಯಲ್ಲ, ಸುಮ್ನೆ ಬಿಡಿ."

ಅವರ ಮುಖ ಗಂಟಾಯಿತು. ಆಗ ಪಕ್ಕದ ಮನೆಯಾಕೆ ಮತ್ತೆ ಬುಟ್ಟಿ ಹಿಡಿದು ಬಂದಳು, ಈ ಸಲ ಮಾವನಿಗೆ ಜ್ವರ ಅಂತ. ಅತ್ತೆ ಸಿಟ್ಟಿನಲ್ಲಿ, "ಒಯ್ಯಿ, ಇಲ್ಲಿ ಯಾರ್ಗೂ ಬ್ಯಾಡಂತೆ" ಎಂದು ಬೆಕ್ಕನ್ನು ಬುಟ್ಟಿಗೆ ಹಾಕಿಬಿಟ್ಟರು.

ನನಗೆ ಎದ್ದು ನಿಲ್ಲಲು ಆಗುತ್ತಿರಲಿಲ್ಲ. ಇದ್ದದ್ದು ನಾಲಿಗೆ ಒಂದೇ. ಬೆಕ್ಕಿಗೆ ಜ್ವರ ಅಂಟುತ್ತದೆ, ಬೆಕ್ಕು ಸಾಯುತ್ತದೆ ಎಂದು ಇನ್ನೊಂದು ಸಲ ಹೇಳಿದ್ದರೆ ಪ್ರಯೋಜನ ಇರಲಿಲ್ಲ. ಎರಡು ವರ್ಷ ಅತ್ತೆಯ ಜೊತೆ ಬಾಳಿದವಳಿಗೆ, ಯಾವ ಮಾತು ಎಲ್ಲಿ ತಾಗುತ್ತದೆ ಅನ್ನುವಷ್ಟು ಗೊತ್ತಾಗಿತ್ತು. ಆ ಹೆಂಗಸು ಬಾಗಿಲು ದಾಟಿದ ಮೇಲೆ ಗೋಡೆಯ ಕಡೆ ಹೊರಳಿಕೊಂಡು ಹೇಳಿದೆ:

"ಹೋಗ್ಲಿ ಬಿಡಿ ಅತ್ತಮ್ಮ. ಮೊನ್ನೆ ಆ ಮನೇಲಿ ಬೆಕ್ಕು ಅವಳ ತೊಡೆ ಮೇಲೆ ನಾಲ್ಕು ಗಂಟೆ ಹೊತ್ತು ಗುರುಗುಟ್ಟುತ್ತಾ ಮಲಗಿತ್ತಂತೆ. ಅವಳೇ ಬಾವೀ ಹತ್ರ ಎಲ್ಲರಿಗೂ ಹೇಳ್ತಿದ್ದಳು. 'ಅವರ ಮನೇಗಿಂತ ಅದಕ್ಕೆ ನಮ್ಮನೇನೇ ವಾಸಿ' ಅಂತ."

ಆಕೆ ಹಾಗೆ ಹೇಳಿರಲಿಲ್ಲ. ಬೆಕ್ಕು ಮೂಗು ಕಟ್ಟಿ ಒದ್ದಾಡುತ್ತಿತ್ತು, ಗುರುಗುಟ್ಟುವುದು ಎಲ್ಲಿಂದ ಬರಬೇಕು.

ಅತ್ತೆ ಬಾಗಿಲ ಕಡೆ ತಿರುಗಿದರು. "ಯಾರ ತೊಡೆ ಮ್ಯಾಲೆ?"

"ಅವಳದ್ದೇ."

ಜ್ವರದಿಂದ ಎದ್ದು ಇನ್ನೂ ಕಾಲು ನೆಟ್ಟಗೆ ನಿಲ್ಲದ ಹೆಂಗಸು, ಕೋಲು ಕೂಡ ತೆಗೆದುಕೊಳ್ಳದೆ ಬೀದಿಗೆ ಇಳಿದರು. ಪಕ್ಕದ ಮನೆಯಲ್ಲಿ ಆದದ್ದನ್ನು ನಾನು ಗೋಡೆಯ ಈಚೆಯಿಂದ ಕೇಳಿದೆ.

"ಕೊಡೆ ಇಲ್ಲಿ ಬೆಕ್ನ!"

"ಈಗ್ ತಾನೆ ತಂದೆ ಅತ್ಗೆಮ್ಮ, ಮಾವಯ್ಯನ ಮೈ ಮ್ಯಾಲೆ ಬಿಟ್ಟಿಲ್ಲ ಇನ್ನೂ."

"ನಿಮ್ ಮಾವಯ್ಯನ್ ಜ್ವರಕ್ಕೆ ನಿಮ್ಮನೆ ನಾಯಿ ಮಡಿಕ್ಕೊಳ್ರಿ. ಇದು ನನ್ ಬೆಕ್ಕು. ನನ್ ಬಟ್ಲಲ್ಲಿ ಉಂಡಿರೋದು, ನನ್ ಕಂಬ್ಳೀಲಿ ಮಲ್ಗಿರೋದು. ನಿನ್ ತೊಡೆ ಮ್ಯಾಲೆ ಗುರುಗುಟ್ತಂತಾ? ಎಷ್ಟ್ ಜನದ ಮುಂದೆ ಹೇಳ್ಕಂಡು ತಿರುಗ್ತಿದೀಯಾ?"

"ಯಾರಂದೋರು? ನಾನಂದಿಲ್ಲ!"

"ಅಂದೋರು ಅಂತಾರೆ!"

ಅತ್ತೆ ನಡುಬೀದಿಯಲ್ಲಿ, ಎಲ್ಲ ಜಗಲಿಗಳ ಎದುರಿಗೆ, ಸಿಂಬಳ ಸುರಿಯುವ ಪಾವಗಡದ ಬೆಕ್ಕನ್ನು ಎದೆಗೆ ಅವುಚಿಕೊಂಡು ಮನೆಗೆ ಬಂದರು. ತಲೆಗೆ ನೀರು ಹಾಕಿಕೊಳ್ಳಲಿಲ್ಲ. ಆಮೇಲೆ ಯಾರು ಬುಟ್ಟಿ ಹಿಡಿದು ಬಂದರೂ ಬಾಗಿಲಿನಿಂದಲೇ ವಾಪಸು ಕಳಿಸಿದರು. ಸರ್ಕಾರದ ಮಾತು, ಬೂಬಮ್ಮನ ಮಾತು, ನನ್ನ ಮಾತು ಮಾಡದ ಕೆಲಸವನ್ನು ಅವರ ಹೊಟ್ಟೆಕಿಚ್ಚು ಒಂದೇ ಮಧ್ಯಾಹ್ನಕ್ಕೆ ಮಾಡಿತು. ನಾನು ಐದು ದಿನ ಮಲಗಿ, ಬೆಕ್ಕಿಲ್ಲದೆಯೇ ಎದ್ದೆ. "ಗೋಡೆ ಆಚೆಯಿಂದ್ಲೇ ಎಳ್ಕಂಡೈತೆ" ಎಂದರು ಅತ್ತೆ. ನಾನು ಇರಬಹುದು ಅಂದೆ. ಬೆಕ್ಕಿಗೆ ಇನ್ನೊಂದು ವಾರ ಹಿಡಿಯಿತು. ಹತ್ತನೇ ದಿನ ಒಂದು ಇಲಿ ಸಿಕ್ಕಿತು, ಬಹುಶಃ ಅದೇ ಇಲಿ.

ನನಗೆ ಯಾವ ಹೆಸರೂ ಅಂಟಲಿಲ್ಲ. ಆದರೆ ಬೆಕ್ಕು ನನ್ನದಾಗಿ ಉಳಿಯಲಿಲ್ಲ. ಊರವರ ಬಾಯಲ್ಲಿ ಅದು 'ಅತ್ತೆಯ ಬೆಕ್ಕು' ಆಯಿತು. ನಾನು ಕರೆದರೆ ಕಿವಿ ಮಾತ್ರ ತಿರುಗಿಸುತ್ತಿತ್ತು, ಅವರು ಕೆಮ್ಮಿದರೆ ಎದ್ದು ಹೋಗುತ್ತಿತ್ತು. ಅದಕ್ಕೆ ನಾನು ಅಳಲಿಲ್ಲ. ಇಲಿ ಹಿಡಿಯುವ ಬೆಕ್ಕು ಯಾರದಾದರೇನು.

ಅದಾಗಿ ನಾಲ್ಕೈದು ವರ್ಷ ಕಳೆದಿರಬೇಕು, ಅರವತ್ತನೇ ಇಸವಿ ದಾಟಿತ್ತು. ಒಂದು ಮಾಗಿಯಲ್ಲಿ ಅತ್ತೆಗೆ ಮತ್ತೆ ನೆಗಡಿ, ಜ್ವರ, ಮೈಕೈ ನೋವು. ನಾನು ಬೆಳಿಗ್ಗೆ ಗಂಜಿ ತೆಗೆದುಕೊಂಡು ಹೋದರೆ ಅವರು ಆಗ ಮಲಗುತ್ತಿದ್ದ ಕೋಣೆಯ ಬಾಗಿಲು ಮುಚ್ಚಿತ್ತು. ಬೆಕ್ಕು ಹೊರಗೆ ಹೊಸಿಲ ಮೇಲೆ ಕೂತು ಬಾಗಿಲು ಪರಚುತ್ತಿತ್ತು.

"ಯಾಕೆ ಅತ್ತಮ್ಮ, ಬೆಕ್ಕು ಆಚೆ ಐತೆ?"

"ಇರ್ಲಿ ಬುಡು."

"ಚಳಿ ಅಂತಿದ್ರಿ, ಒಳಗೆ ಬಿಡಲಾ? ಜ್ವರಾನೂ ಎಳ್ಕೊಳ್ಳುತ್ತೆ."

ಅತ್ತೆ ಒಳಗಿನಿಂದ ಜೋರಾಗಿ ಹೇಳಿದರು: "ಏನೂ ಬ್ಯಾಡ. ಅದ್ರ ಕಾಟ ಸಾಕಾಗೈತೆ ನಂಗೆ, ಮಲಗಾಕೆ ಬುಡಾಕಿಲ್ಲ. ನೀನು ಗಂಜಿ ಮಡಗಿ ಓಗು. ಬಾಗ್ಲು ಹಾಕ್ಕೊಂಡ್ ಓಗು. ಅದು ನುಗ್ಗೀತು, ಜ್ವಾಕೆ."

ಗಂಜಿ ಒಳಗಿಟ್ಟು, ಬೆಕ್ಕನ್ನು ಕಾಲಿನಿಂದ ತಡೆದು, ಬಾಗಿಲು ಎಳೆದುಕೊಂಡೆ. ಅದು ಮತ್ತೆ ಪರಚಲು ಶುರು ಮಾಡಿತು. ಒಳಗಿನಿಂದ ಅತ್ತೆ ಅದನ್ನೂ, ಅದರ ಹುಟ್ಟನ್ನೂ, ಪಾವಗಡವನ್ನೂ ಬಯ್ಯುತ್ತಿದ್ದರು. ನಡುನಡುವೆ ನಿಲ್ಲಿಸಿ ಸೀನುತ್ತಿದ್ದರು.